ಗಲ್ಲಿಗಳಿರುವ ಸ್ಫಟಿಕ



ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟನ್ನು ನೀವು ನೋಡಿರಬಹುದು. ಬೀದಿ ಬಹಳ ಉದ್ದವೇನಲ್ಲ. ಆದರೆ ಇಬ್ರಾಹಿಂ ಸಾಹೇಬ್ ಸ್ಟ್ರೀಟಿನಂಥ ಅಡ್ಡಬೀದಿಗಳೂ ಗಲ್ಲಿಗಳೂ ಸೇರಿ ಎಷ್ಟೊಂದು ಅಂಗಡಿಗಳು! ಗಲ್ಲಿಗಳನ್ನೆಲ್ಲ ಮುಚ್ಚಿ ಒತ್ತಾಗಿ ಕಟ್ಟಿಬಿಟ್ಟಿದ್ದರೆ ಹೊರಸುತ್ತಿನವರಿಗಷ್ಟೇ ವ್ಯಾಪಾರ. ಒಳಗಿನವರು ನೊಣ ಹೊಡೆಯುತ್ತ ಕೂರಬೇಕಿತ್ತು.

ಘನರೂಪದ ಕ್ರಿಯಾವರ್ಧಕಗಳ ಕಷ್ಟವೂ ಇದೇ. ಕ್ರಿಯಾವರ್ಧಕವೆಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಲೋಹದ ತುಣುಕಿನಲ್ಲಿ ಈ ಕೆಲಸ ಮಾಡುವುದು ಮೇಲ್ಮೈಯ ಪರಮಾಣುಗಳು ಮಾತ್ರ. ಒಳಗೂ ಗಲ್ಲಿಗಳಿರುವ ಘನವಸ್ತುವನ್ನು ಕಟ್ಟಬಹುದೆ?

1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್ ಪಾಠಕ್ಕೆಂದು ಮರದ ಚೆಂಡುಗಳಿಗೆ ತೂತು ಕೊರೆಸಿ ಅಣುಗಳ ಮಾದರಿ ಮಾಡಿಸಿದರು. ತೂತುಗಳಿರುವ ಜಾಗವೇ ಮಾದರಿಯ ಆಕಾರವನ್ನು ನಿರ್ಧರಿಸುವುದನ್ನು ಕಂಡರು. 1989ರಲ್ಲಿ ಅದೇ ಉಪಾಯದಿಂದ ತಾಮ್ರದ ಅಯಾನುಗಳನ್ನೂ ನಾಲ್ಕು ಕೈಗಳ ಸಾವಯವ ಅಣುಗಳನ್ನೂ ಬೆಸೆದು, ವಜ್ರದ ಜೋಡಣೆಯದೇ ಆದರೂ ಒಳಗೆ ಟೊಳ್ಳಾದ ಸ್ಫಟಿಕವನ್ನು ಪಡೆದರು. ಜೋಡಣೆ ಮೂರೂ ದಿಕ್ಕುಗಳಿಗೆ ಹಬ್ಬುವುದರಿಂದ ಇದೂ ಒಂದು ಬಗೆಯ ಪಾಲಿಮರ್.

ರಂಧ್ರ ಗಲ್ಲಿಯಿದ್ದಂತೆ: ಸ್ಕೂಟರ್ ನುಗ್ಗೀತು, ಲಾರಿ ಹೊರಗೇ ನಿಲ್ಲಬೇಕು. ಆದರೆ ಒಳಗೆ ಬಂದ ಅಣುವನ್ನು ಹಿಡಿಯಲು ಲೋಹಕ್ಕೆ ಒಂದು ಕೈಯಾದರೂ ಬಿಡುವಾಗಿರಬೇಕಲ್ಲ! ಎಲ್ಲ ಕೈಗಳೂ ಚೌಕಟ್ಟು ಹಿಡಿದಿದ್ದರೆ ಕೆಲಸ ನಡೆಯದು. ಎಷ್ಟೋ ಸಲ ಆ ಕೈಗೆ ದ್ರಾವಕದ ಅಣುವೊಂದು ಅಂಟಿರುತ್ತದೆ. ಕಾಯಿಸಿ ಅದನ್ನು ಓಡಿಸುತ್ತಾರೆ. ಜಪಾನಿನ ಮಕೋತೊ ಫುಜಿತ 1994ರಲ್ಲೇ ಕ್ಯಾಡ್ಮಿಯಂ ಜಾಲವೊಂದನ್ನು ಕ್ರಿಯಾವರ್ಧಕವಾಗಿ ದುಡಿಸಿ ತೋರಿಸಿದ್ದರು.

ಟೊಳ್ಳು ಹೆಚ್ಚಿದಷ್ಟೂ ಕುಸಿಯುವ ಭಯ. ರಾಬ್ಸನ್ನರ ಸ್ಫಟಿಕಗಳೂ ಸುಲಭವಾಗಿ ಕುಸಿಯುತ್ತಿದ್ದವು. 1997ರಲ್ಲಿ ಸುಸುಮು ಕಿತಗಾವ ಅನಿಲ ಹೊಕ್ಕು ಹೊರಬಂದರೂ ಕೆಡದ ಚೌಕಟ್ಟನ್ನು ಕಟ್ಟಿದರು. 1999ರಲ್ಲಿ ಒಮರ್ ಯಾಘಿ ಕಟ್ಟಿದ ಸತುವಿನ ಚೌಕಟ್ಟು 300 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಾಳಿತು. ಆದರೆ ತೇವದ ಗಾಳಿಗೆ ಸೋತಿತು! ನೀರಿಗೂ ಜಗ್ಗದ ಜಿರ್ಕೋನಿಯಂ ಚೌಕಟ್ಟು 2008ರಲ್ಲಿ ಓಸ್ಲೋದಿಂದ ಬಂತು. ರಾಬ್ಸನ್, ಕಿತಗಾವ, ಯಾಘಿ ಈ ಮೂವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಈ ಕೆಲಸ ನಮ್ಮ ಊರಿನಲ್ಲೂ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಹಿಂದೆ ಕಿತಗಾವರ ಬಳಿ ದುಡಿದ ತಪಸ್ ಕುಮಾರ್ ಮಾಜಿ ಮತ್ತು ಸಂಗಡಿಗರು, ಬೆಳಕಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಇಂಧನವಾಗಿಸುವ ಇಂಥ ವಸ್ತುಗಳನ್ನು ರೂಪಿಸಿದ್ದಾರೆ.

ಹೊಸ ಚೌಕಟ್ಟು ಸಿದ್ಧವಾದಾಗ ನಾನು ಮೊದಲು ಕೇಳುವ ಪ್ರಶ್ನೆ ವೇಗದ್ದಲ್ಲ. ಕ್ರಿಯೆ ಅರ್ಧ ನಡೆದಾಗ ಘನವಸ್ತುವನ್ನು ಬಿಸಿಬಿಸಿಯಾಗಿಯೇ ಸೋಸಿ ತೆಗೆಯಿರಿ. ಉಳಿದ ತಿಳಿದ್ರವದಲ್ಲೂ ಕ್ರಿಯೆ ಅದೇ ಭರದಿಂದ ಸಾಗಿದರೆ, ದುಡಿದದ್ದು ಚೌಕಟ್ಟಲ್ಲ, ಅದರಿಂದ ಕಳಚಿಕೊಂಡ ಲೋಹ ಎನ್ನಬೇಕಾಗುತ್ತದೆ.