ಕೇರಿ ಮಕ್ಕಳ ತಾಳ
(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಾವು ಸಂಗೀತ ಕಲಿತವರಲ್ಲ. ಬಿ.ಎ. ಮುಗಿಸಿ, ನಾಲ್ಕು ಪದ್ಯ ಬರೆದು, ಹೋರಾಟದ ಹಾಡು ಹೇಳಿಕೊಂಡು ಊರೂರು ತಿರುಗಿದವರು. ಹೋದ ಬೇಸಿಗೆಯಲ್ಲಿ ಒಂದು ಕೇರಿಯ ಐದಾರು ವರ್ಷದ ಮಕ್ಕಳಿಗೆ ಸಂಜೆ ಹೊತ್ತು ಹಾಡು ಕಲಿಸಲು ಹೋದೆವು. ಕಲಿತವರು ನಾವೇ. ಅದನ್ನೇ ನಿಮಗೆ ಹೇಳಬೇಕು.

ಮೊದಲ ದಿನ ಮಕ್ಕಳನ್ನು ಸಾಲಾಗಿ ಕೂರಿಸಿ, ಕೈ ಕಟ್ಟಿಸಿ, "ನಾವು ಹೇಳಿದಂಗೆ ಹೇಳಿ" ಅಂದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಇಸ್ಕೂಲು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡುತ್ತಿದ್ದೆವು. ನಾಚಿಕೆಯಾಯಿತು.

ಎರಡನೆಯ ದಿನ ಕೂರಿಸಲಿಲ್ಲ. ಬೇವಿನ ಮರದ ಸುತ್ತ ನಡೆದೆವು. ನಡೆಯುತ್ತ ಒಂದೊಂದು ಮಗುವಿನ ಹೆಸರು ಕೂಗಿ ಚಪ್ಪಾಳೆ ಹೊಡೆದೆವು. ರಾಜ ಅಂದರೆ ಎರಡು, ಕಮಲಿ ಅಂದರೆ ಮೂರು, ಪುಟ್ಟಮಾದ ಅಂದರೆ ನಾಲ್ಕು. ಹೆಜ್ಜೆ ಬೇಗ ಆದರೆ ಚಪ್ಪಾಳೆಯೂ ಬೇಗ. ಹೆಜ್ಜೆ ನಿಂತರೆ ಎಲ್ಲರೂ ಗಪ್‌ಚಿಪ್. ತಾಳ ಅಂದರೇನು ಎಂದು ನಾವು ಹೇಳಲೇ ಇಲ್ಲ. ಕಾಲು ತಾನೇ ಕಂಡುಕೊಂಡಿತು. ಆಮೇಲೆ ಒಬ್ಬರು ಸೊಲ್ಲು ಎತ್ತುವುದು, ಉಳಿದವರು ಹಿಮ್ಮೇಳ. ಮೂರು ನಾಲ್ಕು ಸ್ವರದೊಳಗೆ ಆಡುವ ಸಣ್ಣ ಪದ ಸಾಕು. ನಮ್ಮ ಗಂಟಲಿಗೆ ಸರಿಯಾಗಿ ಮಕ್ಕಳನ್ನು ಕಿರುಚಿಸಬಾರದು. ಮಗು ಎತ್ತಿದ ಶ್ರುತಿಗೆ ನಾವು ಹೋಗಬೇಕು.

ಜರ್ಮನಿಯ ಕಾರ್ಲ್ ಆರ್ಫ್ ಎಂಬಾತ ಗುನಿಲ್ಡ್ ಕೀಟ್‌ಮನ್ ಎಂಬಾಕೆಯ ಜೊತೆ ಸೇರಿ 1950ರಿಂದ 1954ರವರೆಗೆ ಮಕ್ಕಳ ಸಂಗೀತದ ಐದು ಸಂಪುಟ ತಂದ. ಮಾತು, ಹಾಡು, ಕುಣಿತ, ಬಡಿತ ಎಲ್ಲ ಒಟ್ಟಿಗೆ ಕಲಿಯಬೇಕು ಎಂಬುದು ಅವರ ದಾರಿ. ಒಳ್ಳೆಯದೇ. ಆದರೆ ಕೂಸನ್ನು ಕಾಲ ಮೇಲೆ ತೂಗುತ್ತ, ರಾಗಿ ಬೀಸುತ್ತ, ನಾಟಿ ಹಾಕುತ್ತ ನಮ್ಮ ಅವ್ವಂದಿರು ಮಾಡಿದ್ದೂ ಇದನ್ನೇ. ಅವರನ್ನು ಯಾರೂ ಮೇಷ್ಟ್ರು ಅನ್ನಲಿಲ್ಲ, ಅಷ್ಟೇ.

ಒಂದು ಸಂಜೆ ಒಬ್ಬ ಹುಡುಗ ಗೋಡೆಗೆ ನೇತುಹಾಕಿದ್ದ ತಾತನ ತಮಟೆ ಹೊತ್ತು ತಂದ. ಹುಲ್ಲು ಹೊತ್ತಿಸಿ ಕಾಯಿಸಿದೆವು. ಚರ್ಮ ಬಿಗಿದಂತೆ ದನಿ ಏರಿತು. ಮಕ್ಕಳು ಕಣ್ಣರಳಿಸಿ ಕೇಳಿದರು. ಒಂದು ಕೈಗೆ ದಪ್ಪ ಕೋಲು, ಇನ್ನೊಂದಕ್ಕೆ ಸಣ್ಣ ಕಡ್ಡಿ ಕೊಟ್ಟೆವು. ಅಷ್ಟರಲ್ಲಿ ಹುಡುಗನ ತಾಯಿ ಓಡಿಬಂದು ಕೋಲು ಕಿತ್ತುಕೊಂಡರು.

"ಬ್ಯಾಡ ಕಣ್ರಪ್ಪಾ. ನಮ್ಮಾವ ಹೆಣದ ಮುಂದೆ ಬಡ್ದು ಬಡ್ದೇ ಸತ್ರು. ಕೂಲಿ ಕೇಳಿದ್ರೆ ಬೈಗುಳ. ನನ್ ಮಗ ಪೆನ್ನು ಹಿಡೀಲಿ."

ನಮ್ಮ ಬಳಿ ಉತ್ತರವಿರಲಿಲ್ಲ. ನಾವು ಓದಿದ ಶಾಲೆಯಲ್ಲೂ ವಾರ್ಷಿಕೋತ್ಸವಕ್ಕೆ ತಮಟೆ ಬಡಿಯಲು ನಮ್ಮನ್ನು ಕರೆದರು. ಪ್ರಾರ್ಥನೆ ಹಾಡಲು ಒಂದು ದಿನವೂ ಕರೆಯಲಿಲ್ಲ.

ಆ ರಾತ್ರಿ ನಮ್ಮಲ್ಲೇ ಜಗಳ. ಸುಟ್ಟುಬಿಡೋಣ ಅಂದರು ಕೆಲವರು. ಅದು ನಮ್ಮ ಕಲೆ ಅಂದರು ಕೆಲವರು. 2023ರಲ್ಲಿ ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮಗೆ ಹೆಮ್ಮೆಯೇ. ಆದರೆ ಒಬ್ಬ ಹಿರಿಯರ ಎದೆಯ ಮೇಲಿನ ಪದಕ ಎಷ್ಟೋ ತಲೆಮಾರಿನ ಬಿಟ್ಟಿ ಚಾಕರಿಯನ್ನು ಅಳಿಸುವುದಿಲ್ಲ. ತಪ್ಪು ತಮಟೆಯದಲ್ಲ, "ಬಡಿಯೋ" ಎಂದು ಅಪ್ಪಣೆ ಕೊಡುವ ಬಾಯಿಯದು.

ಬೆಳಗಾಗುವ ಹೊತ್ತಿಗೆ ನಾವು ಇಷ್ಟು ತೀರ್ಮಾನಿಸಿದೆವು. ಮಕ್ಕಳಿಗೆ ಮೊದಲು ಹಾಡು, ಚಪ್ಪಾಳೆ, ಆಟ. ತಮಟೆ ಬೇಕೆಂದು ಮಗು ಕೇಳಬೇಕು, ಮನೆಯವರು ಒಪ್ಪಬೇಕು. ಹುಡುಗಿಯರ ಕೈಗೂ ಕೋಲು ಕೊಡಬೇಕು. ಊರೊಳಗಿನ ಮಕ್ಕಳು ಬಂದರೆ ಅವರೂ ಹಿಡಿಯಲಿ. ಆದರೆ ಯಾವ ಮಗುವನ್ನೂ ಹೆಣದ ಮುಂದಕ್ಕೆ, ಯಾರದೋ ಜಾತ್ರೆಯ ಚಾಕರಿಗೆ ಕಳಿಸಬಾರದು. ಓದು ತಪ್ಪಿಸಬಾರದು.

ಆ ತಾಯಿ ಒಪ್ಪಿದರು ಎಂದು ನಾವು ಸುಳ್ಳು ಹೇಳುವುದಿಲ್ಲ. ತಮಟೆ ಮತ್ತೆ ಗೋಡೆಗೇ ಹೋಯಿತು. ಆದರೆ ರಜೆ ಮುಗಿಯುವ ಹಿಂದಿನ ಸಂಜೆ ಅವರು ಬಂದು ಮರದ ಹತ್ತಿರ ನಿಂತರು. "ಹಂಗಲ್ಲ, ಎಳೆದು ಹೇಳ್ಬೇಕು" ಎಂದು ನಮ್ಮ ರಾಗ ತಿದ್ದಿ, ತಾವೇ ಒಂದು ಬೀಸುವ ಪದ ಎತ್ತಿಕೊಂಡರು. ಮಗ ಚಪ್ಪಾಳೆ ಹಾಕಿದ. ನಾವು ಹಿಮ್ಮೇಳವಾದೆವು.

ಗೆಳೆಯರೆ, ರಜೆಗೆ ಊರಿಗೆ ಹೋಗುತ್ತೀರಿ. ದಿನಕ್ಕೊಂದು ಗಂಟೆ ಕೇರಿಯ ಮಕ್ಕಳ ಜೊತೆ ಹಾಡಿ, ಆಡಿ. ಅಪ್ಪಣೆಗೆ ಬಡಿದ ಕೈಗಳ ಮೊಮ್ಮಕ್ಕಳು ತಮ್ಮ ಖುಷಿಗೆ ತಾವೇ ತಾಳ ಹಾಕಲಿ.

ಜೈ ಭೀಮ್.