ಸಂಕಲ್ಪವೂ ಠರಾವೂ

(ಕಾರ್ತಿಕ ಮಾಸದ ಶಿವಾನುಭವಗೋಷ್ಠಿಯಲ್ಲಿ, ನಗರಸಭೆಯ ಸದಸ್ಯರ ಸಮಕ್ಷಮದಲ್ಲಿ ಅಪ್ಪಣೆ ಕೊಡಿಸಿದ ಆಶೀರ್ವಚನ)



ಇಂದಿನ ಗೋಷ್ಠಿಗೆ ನಮ್ಮ ಊರಿನ ನಗರಸಭೆಯ ಅಧ್ಯಕ್ಷರೂ ಸದಸ್ಯರೂ ಬಂದಿದ್ದಾರೆ. ಅವರು ಸನ್ಮಾನ ಬೇಡಲಿಲ್ಲ. “ಅಪ್ಪಾವರೇ, ಬರುವ ವರ್ಷ ಏನು ಮಾಡಬೇಕು, ಇಪ್ಪತ್ತು ವರ್ಷದ ಮೇಲೆ ಊರು ಹೇಗಿರಬೇಕು ಎಂಬುದನ್ನು ಬರೆದಿಡಬೇಕೆಂದಿದ್ದೇವೆ. ತಾವು ಎರಡು ಮಾತು ಹೇಳಬೇಕು” ಎಂದು ಕೇಳಿದರು. ಕೇಳಿ ನಮಗೆ ಸಂತೋಷವಾಯಿತು, ಸ್ವಲ್ಪ ಅಳುಕೂ ಆಯಿತು. ಅಳುಕು ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ನೀವು ಸಭೆಯಲ್ಲಿ ಕೈಯೆತ್ತಿ ಮಾಡುವುದಕ್ಕೆ ಠರಾವು ಎನ್ನುತ್ತೀರಿ. ಪೂಜೆಗೆ ಕುಳಿತವನು ಕೈಯಲ್ಲಿ ನೀರು ಹಿಡಿದು ಮಾಡುವುದಕ್ಕೆ ಸಂಕಲ್ಪ ಎನ್ನುತ್ತಾರೆ. ಈ ಸಂಕಲ್ಪವೆಂಬ ಶಬ್ದವನ್ನು ವ್ಯಾಕರಣದ ದೃಷ್ಟಿಯಿಂದ ನೋಡಿದರೆ, ಸಾಮರ್ಥ್ಯವೆಂಬ ಅರ್ಥವುಳ್ಳ ಧಾತುವಿನಿಂದ ಅದು ಹುಟ್ಟಿದೆ. ಹಾಗಾದರೆ ಸಾಮರ್ಥ್ಯವನ್ನು ಅಳೆಯದೆ ಆಡಿದ ಮಾತು ಸಂಕಲ್ಪವೇ ಅಲ್ಲ. ಅದು ಬರಿಯ ಆಸೆ. ಇನ್ನೊಂದು ವಿಶೇಷವನ್ನು ಗಮನಿಸಿರಿ. ಸಂಕಲ್ಪದಲ್ಲಿ ಮೊದಲು ದೇಶವನ್ನು ಹೇಳಬೇಕು, ಆಮೇಲೆ ಕಾಲವನ್ನು ಹೇಳಬೇಕು, ಬಳಿಕ ಮಾಡುವವನು ತನ್ನ ಹೆಸರನ್ನು ಹೇಳಬೇಕು, ಕಡೆಗೆ ಮಾಡುವ ಕರ್ಮವನ್ನು ಹೇಳಬೇಕು. ಎಲ್ಲಿ, ಎಂದು, ಯಾರು, ಏನು ಎಂಬ ಈ ನಾಲ್ಕೂ ಇಲ್ಲದೆ ಪೂಜೆ ಸಾಗದು. ‘ಊರನ್ನು ಸುಂದರಗೊಳಿಸಲಾಗುವುದು’ ಎಂಬ ಠರಾವಿನಲ್ಲಿ ಈ ನಾಲ್ಕರಲ್ಲಿ ಎಷ್ಟಿವೆ, ನೀವೇ ಹೇಳಿರಿ. ‘ಮೂರನೆಯ ವಾರ್ಡಿನ ಮುರಿದ ಗಟಾರವನ್ನು ಮಳೆಗಾಲಕ್ಕೆ ಮುಂಚೆ ಇಂಥ ಅಧಿಕಾರಿ ಕಟ್ಟಿಸತಕ್ಕದ್ದು’ ಎಂದು ಬರೆದರೆ ಅದು ಸಂಕಲ್ಪವಾಗುತ್ತದೆ.

ಇನ್ನು ಕಾಲದ ವಿಚಾರ. ನಿಮ್ಮ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಮುಗಿಯುತ್ತದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಿಮ್ಮ ಸಭೆಗೆ ಐದು ವರ್ಷದ ಆಯುಸ್ಸನ್ನು ಕೊಟ್ಟಿದೆ. ಅದೇ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಹೆಸರಿಸಿದೆ. ನೀರು, ನೈರ್ಮಲ್ಯ, ರಸ್ತೆ, ಸ್ಮಶಾನದವರೆಗೆ. ಆದರೆ ಇಂದು ನೆಟ್ಟ ಬೇವಿನ ಸಸಿಯ ಕೆಳಗೆ ಜನ ಬಂದು ಕೂಡ್ರುವ ಹೊತ್ತಿಗೆ ನಿಮ್ಮಲ್ಲಿ ಹಲವರು ಆ ಕುರ್ಚಿಯಲ್ಲಿ ಇರುವುದಿಲ್ಲ. ಬಿತ್ತುವವನೇ ಉಣ್ಣಬೇಕೆಂದರೆ ಯಾರೂ ಮಾವು ನೆಡುತ್ತಿರಲಿಲ್ಲ. ಮುಂದಾಲೋಚನೆ ಇಲ್ಲದಿದ್ದರೆ ಸಂಕಟವೇ ಬಂದು ಕಲಿಸುತ್ತದೆ. ಬೆಂಗಳೂರಿನಲ್ಲಿ 1898ರಲ್ಲಿ ಪ್ಲೇಗು ಹಬ್ಬಿ ಜನ ಸತ್ತ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳಂಥ ಅಗಲವಾದ ಬೀದಿಗಳ ಬಡಾವಣೆಗಳು ವೇಗವಾಗಿ ಬೆಳೆದವು. ರೋಗ ಬರುವವರೆಗೆ ನಾವೂ ಕಾಯಬೇಕೇ?

ಒಂದು ಲೆಕ್ಕವನ್ನು ನೋಡೋಣ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ಸರಕಾರದ ಮಾನದಂಡವಿದೆ. ಲಕ್ಷ ಜನರ ಊರಿಗೆ ದಿನಕ್ಕೆ 1 ಕೋಟಿ 35 ಲಕ್ಷ ಲೀಟರು. ಅದರಲ್ಲಿ ಸುಮಾರು ನೂರಕ್ಕೆ 80 ಪಾಲು ಹೊಲಸಾಗಿ ಹೊರಗೆ ಬರುತ್ತದೆಂದು ತಿಳಿದವರು ಎಣಿಸುತ್ತಾರೆ. ಅಂದರೆ 1 ಕೋಟಿ 8 ಲಕ್ಷ ಲೀಟರು. ನೀರು ತರುತ್ತೇವೆಂದು ಹೇಳಿ ಮತ ಕೇಳುವವರು ಬಹಳ. ಬಂದ ನೀರು ಎಲ್ಲಿಗೆ ಹೋಗುತ್ತದೆಂದು ಹೇಳುವವರು ವಿರಳ. ಅದು ಎಲ್ಲಿಗೆ ಹೋಗುತ್ತಿದೆಯೆಂದು ನಮ್ಮ ಕೆರೆಯ ಬಣ್ಣವನ್ನು ನೋಡಿದವರಿಗೆ ಗೊತ್ತು.

ಕೆರೆ ಎಂದಾಗ ಸೊನ್ನಲಿಗೆಯ ಸಿದ್ಧರಾಮೇಶ್ವರರು ನೆನಪಿಗೆ ಬರುತ್ತಾರೆ. ಇಂದಿನ ಸೊಲ್ಲಾಪುರವೇ ಅವರ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಅವರು ಅಲ್ಲಿ ಕೆರೆ ಕಟ್ಟಿಸಿದರು. ಅವರ ಹೆಸರಿನ ಆ ಕೆರೆ ಇಂದಿಗೂ ಊರ ನಡುವೆ ಇದೆ. ದೂರದೃಷ್ಟಿಯೆಂದರೆ ಅದು; ಎಂಟುನೂರು ವರ್ಷಕ್ಕೆ ಮೀರಿದ ದೃಷ್ಟಿ! ಆದರೆ ಅಲ್ಲಿಗೆ ಅಲ್ಲಮಪ್ರಭುಗಳು ಬಂದಾಗ ಸಿದ್ಧರಾಮರನ್ನು ಹೊಗಳಲಿಲ್ಲ, ಕೆಣಕಿದರು. ಕೆರೆ ಕಟ್ಟಿದ್ದು ತಪ್ಪೆಂದಲ್ಲ. ‘ಕಟ್ಟಿದವನು ನಾನು’ ಎಂಬ ಭಾವ ಒಳಗೆ ಉಳಿದಿದ್ದರೆ ಅದನ್ನೂ ಕಳೆಯಬೇಕೆಂದು. ಸಿದ್ಧರಾಮರು ಕೋಪಿಸಿಕೊಂಡರೂ ಕೊನೆಗೆ ಒಪ್ಪಿದರು, ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಸದಸ್ಯರೇ, ಕೆಲಸ ಮುಗಿಯುವ ಮೊದಲೇ ಹೆಸರಿನ ಫಲಕ ನಿಲ್ಲಿಸುವ ರೂಢಿ ಈಗ ಬಂದಿದೆ. ಹಿಂದಿನ ಅಧ್ಯಕ್ಷರು ಆರಂಭಿಸಿದ್ದೆಂದು ಅರ್ಧಕ್ಕೆ ಬಿಡುವ ರೂಢಿಯೂ ಇದೆ. ಇವೆರಡೂ ಒಂದೇ ರೋಗದ ಎರಡು ಲಕ್ಷಣಗಳು. ಹಿಂದಿನವರ ಒಳ್ಳೆಯ ಕೆಲಸವನ್ನು ಮುಗಿಸುವುದನ್ನೇ ನಿಮ್ಮ ಪಟ್ಟಿಯ ಮೊದಲಲ್ಲಿ ಬರೆಯಿರಿ.

ಈಗ ನಮ್ಮ ಅಳುಕಿನ ಮಾತು. ಕೆಲವು ವರ್ಷಗಳ ಹಿಂದೆ ಜಾತ್ರೆಯ ಸಭೆಯಲ್ಲಿ ಕೆರೆಯನ್ನು ಕೆಡಿಸಿದವರನ್ನು ಕುರಿತು ನಾವು ಖಾರವಾಗಿಯೇ ಮಾತನಾಡಿದ್ದೆವು. ಮರುದಿನ ಬೆಳಿಗ್ಗೆ ಮಠದ ಮುಂದೆ ಕಸ ಗುಡಿಸುತ್ತಿದ್ದ ವಯಸ್ಸಾದ ತಾಯಿಯೊಬ್ಬಳು ಪೊರಕೆ ಬದಿಗಿಟ್ಟು ಕೈಮುಗಿದು, “ಅಪ್ಪಾ, ದಾಸೋಹದ ಮನೆಯ ಗಟಾರ ಎಲ್ಲಿಗೆ ಹೋಗ್ತದ?” ಎಂದಳು. ನಮಗೆ ಉತ್ತರ ಗೊತ್ತಿರಲಿಲ್ಲ. ಅವಳ ಹಿಂದೆ ನಡೆದು ನೋಡಿದೆವು. ಅನ್ನದ ಗಂಜಿ, ಪಾತ್ರೆ ತೊಳೆದ ನೀರು, ಎಲ್ಲವೂ ಎರಡು ಓಣಿ ದಾಟಿ ಕೆರೆಗೇ ಬೀಳುತ್ತಿತ್ತು. ಅಂದು ಪೂಜೆಗೆ ಕುಳಿತರೂ ಚಿತ್ತ ನಿಲ್ಲಲಿಲ್ಲ. ಇಂಗುಗುಂಡಿ ತೋಡಿಸಿ ನೀರನ್ನು ತೆಂಗಿನ ತೋಟಕ್ಕೆ ತಿರುಗಿಸಿದೆವು. ಆದರೂ ಜಾತ್ರೆಯ ಐದು ದಿನ ಆ ಗುಂಡಿ ಸಾಲುವುದಿಲ್ಲ. ಉಕ್ಕಿದ ನೀರು ಇಂದಿಗೂ ಕೆರೆಯ ದಾರಿಯನ್ನೇ ಹಿಡಿಯುತ್ತದೆ. ಬರುವ ಜಾತ್ರೆಗೆ ಮುಂಚೆ ಅದನ್ನು ಮುಗಿಸುತ್ತೇವೆಂದು ನಾವು ನಿಮ್ಮೆಲ್ಲರ ಮುಂದೆ ಸಂಕಲ್ಪ ಮಾಡುತ್ತೇವೆ. ದೇಶ ಈ ಮಠ, ಕಾಲ ಬರುವ ಜಾತ್ರೆ, ಕರ್ತೃ ನಾವು. ತಪ್ಪಿದರೆ ಇದೇ ಗೋಷ್ಠಿಯಲ್ಲಿ ಎದ್ದು ನಿಂತು ಕೇಳಿರಿ. ನಿಮಗೆ ಆ ಅಧಿಕಾರವಿದೆ.

ಆ ತಾಯಿಯ ಮಾತಿನಿಂದ ನಾವು ಇನ್ನೊಂದನ್ನು ಕಲಿತೆವು. ಊರಿನ ಹೊಲಸು ಎಲ್ಲಿಗೆ ಹರಿಯುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಪೌರಕಾರ್ಮಿಕರು. ನಿಮ್ಮ ಯೋಜನೆ ಬರೆಯುವ ದಿನ ಅವರನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕೂಡ್ರಿಸಿ ಕೇಳಿರಿ. ಕಲ್ಯಾಣದ ಅನುಭವ ಮಂಟಪದಲ್ಲಿ ಪೀಠವೇರಿದವರೂ ಇದ್ದರು, ಕಸ ಗುಡಿಸುವ ಕಾಯಕದ ಸತ್ಯಕ್ಕನೂ ಇದ್ದಳು. ಮನುಷ್ಯನನ್ನು ಮಲದ ಗುಂಡಿಗೆ ಇಳಿಸಬಾರದೆಂದು 2013ರ ಕಾಯಿದೆ ಹೇಳುತ್ತದೆ. ನಮ್ಮ ಊರಿನಲ್ಲಿ ಒಬ್ಬನೂ ಇಳಿಯಕೂಡದು ಎಂಬುದು ನಿಮ್ಮ ವರ್ಷದ ಗುರಿಗಳಲ್ಲಿ ಒಂದಾಗಲಿ. ಅದಕ್ಕೆ ಬೇಕಾದ ಯಂತ್ರದ ಹಣವನ್ನು ಆಯವ್ಯಯದಲ್ಲಿ ಮೊದಲೇ ತೆಗೆದಿಡಿರಿ.

ಹಣದ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನನ್ನು ಮರೆಯಲಾಗದು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಬಡವಿಯಾದರೂ ತನಗೆ ಎಷ್ಟು ಬೇಕೆಂಬ ಲೆಕ್ಕ ಅವಳಿಗೆ ಸ್ಪಷ್ಟವಿತ್ತು. ಊರಿನ ಹಣವನ್ನು ಮುಟ್ಟುವ ಪ್ರತಿಯೊಬ್ಬರ ಮನೆಯಲ್ಲೂ ಒಬ್ಬ ಲಕ್ಕಮ್ಮ ಇರಲಿ. ತಾಯಂದಿರೇ, ಈ ಮಾತು ನಿಮಗೆ. ಭಕ್ತರೇ, ನಿಮಗೂ ಒಂದು ಮಾತು: ಮನೆಯ ಕಂದಾಯ ಬಾಕಿ ಇಟ್ಟುಕೊಂಡು ಬೀದಿ ದೀಪ ಉರಿಯಲಿಲ್ಲವೆಂದು ಬೈಯುವುದು ದಾಸೋಹವಲ್ಲ.

ವರ್ಷಕ್ಕೆ ಹತ್ತು ಕೆಲಸ ಬರೆದು ಎರಡು ಮಾಡುವುದಕ್ಕಿಂತ ಮೂರು ಬರೆದು ಮೂರನ್ನೂ ಮುಗಿಸಿರಿ. ಆ ಮೂರೂ ದೂರದ ಗುರಿಯ ದಾರಿಯಲ್ಲಿಯೇ ಇರಲಿ. ನಮ್ಮ ದೂರದ ಗುರಿ ಯಾವುದು ಎಂದು ಕೇಳಿದಿರಿ. ದೊಡ್ಡದೇನೂ ಅಲ್ಲ. ನಮ್ಮ ಮೊಮ್ಮಕ್ಕಳು ಆ ಕೆರೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಸಂಕಲ್ಪ ಮಾಡುವಂತಾಗಲಿ. ಅಷ್ಟಾದರೆ ಉಳಿದದ್ದು ತಾನಾಗಿ ಬಂದೀತು.

ಅದಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ಬಸವಾದಿ ಪ್ರಮಥರು ನಿಮಗೂ ನಮಗೂ ಕರುಣಿಸಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.

ಓಂ ನಮಃ ಶಿವಾಯ.