ಕೈ ಬಿಟ್ಟರೆ ತಿರುಗದ ಗಾಡಿ



ನಾನು ಅಣಶಿಯವನು. ಜೋಯಿಡಾ ತಾಲೂಕಿನ ಅಣಶಿ ಅಂದರೆ ಕಾಡು, ಘಾಟಿ, ಮಳೆ, ಮಳೆ ಬಂದರೆ ಉಂಬಳ. 1987ರಲ್ಲಿ ನಮ್ಮೂರ ಹೆಸರಿನಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಅದು ದಾಂಡೇಲಿ ಅಭಯಾರಣ್ಯದ ಜೊತೆಗೂಡಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಈಗ ಅದಕ್ಕೆ ಕಾಳಿ ನದಿಯ ಹೆಸರು. ಇಂಥ ಕಾಡೂರಿನವನು ಸಮುದ್ರದ ಮೇಲೆ ಓಡುವ ಜೆಟ್ ಸ್ಕೀ ಬಗ್ಗೆ ಮಾತಾಡಲು ಕೂತಿದ್ದಾನಲ್ಲ ಅಂತ ನಿಮಗೆ ನಗು ಬಂದರೆ ತಪ್ಪಿಲ್ಲ. ಆದರೆ ಶನಿವಾರ ಬಂತೆಂದರೆ ನಮ್ಮ ರಸ್ತೆಯಲ್ಲಿ ಕಾರುಗಳ ಸಾಲು. ಬೆಳಿಗ್ಗೆ ಗಣೇಶಗುಡಿಯಲ್ಲಿ ರಾಫ್ಟಿಂಗ್ ಮುಗಿಸಿ ಒದ್ದೆ ಬಟ್ಟೆಯಲ್ಲೇ ಘಾಟಿ ಇಳಿಯಲು ಹೊರಟವರು. ಚಹಾ ಅಂಗಡಿಯ ಎದುರು ನಿಲ್ಲಿಸಿ ಕೇಳುವುದು ಎರಡೇ ಪ್ರಶ್ನೆ: ಕಾರವಾರ ಇನ್ನೆಷ್ಟು ದೂರ? ಅಲ್ಲಿ ಜೆಟ್ ಸ್ಕೀ ಇದೆಯಾ?

ಇದೆ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿದೆ, ಮುರ್ಡೇಶ್ವರದಲ್ಲಿದೆ, ಮಲ್ಪೆಯಲ್ಲಿದೆ. ಕೆಲವು ನೂರು ರೂಪಾಯಿ ಕೊಟ್ಟರೆ ಒಂದು ರೌಂಡ್. ರೌಂಡ್ ಅಂದರೆ ಎಷ್ಟು ಹೊತ್ತು ಅಂತ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ. ನೀವು ಹತ್ತು ನಿಮಿಷ ಅಂದುಕೊಂಡಿರುತ್ತೀರಿ, ಅವರ ಲೆಕ್ಕ ಮೂರು ನಿಮಿಷದ್ದಾಗಿರುತ್ತದೆ.

ಹೋದ ಜನವರಿಯಲ್ಲಿ ಹುಬ್ಬಳ್ಳಿಯಿಂದ ತಂಗಿಯ ಮಗಳು ಬಂದಿದ್ದಳು. ಡಿಗ್ರಿ ಓದುತ್ತಾಳೆ. ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ಸ್ಕೂಟಿ ಓಡಿಸುವ ಧೈರ್ಯಸ್ಥೆ. ಜೆಟ್ ಸ್ಕೀ ಬೇಕೇ ಬೇಕು ಅಂತ ಹಟ ಹಿಡಿದಳು. "ಮಾವ, ಅದೂ ಸ್ಕೂಟಿ ಥರಾನೇ, ನೀರಿನ ಮೇಲೆ ಹೋಗ್ತದೆ ಅಷ್ಟೇ" ಅಂದಳು. ನೋಡಲು ಹೌದು. ಸೀಟು, ಹ್ಯಾಂಡಲ್, ಬಲಗೈ ಬಳಿ ಆಕ್ಸಿಲರೇಟರ್. ಸ್ಕೂಟಿಯಲ್ಲಿ ಹಿಡಿ ತಿರುಚುತ್ತೇವೆ, ಇಲ್ಲಿ ಬೆರಳಲ್ಲಿ ಒಂದು ಲಿವರ್ ಒತ್ತುತ್ತೇವೆ, ಅಷ್ಟೇ ವ್ಯತ್ಯಾಸ. ಘಾಟಿ ಇಳಿದು ಕಡಲತೀರಕ್ಕೆ ಹೋದೆವು. ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಗಾಡಿಯವನು ಹಿಂದೆ ಕೂತ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಹೀಗೇ, ಬಂದವರ ಕೈಗೆ ಗಾಡಿ ಕೊಟ್ಟು ಒಬ್ಬರನ್ನೇ ಬಿಡುವುದಿಲ್ಲ. ದಡದಲ್ಲಿ ನಾನು ಅವಳ ಚಪ್ಪಲಿ, ಮೊಬೈಲು, ಕನ್ನಡಕ ಹಿಡಿದು ನಿಂತಿದ್ದೆ.

ಹೋಗುವಾಗ ಚೆನ್ನಾಗಿಯೇ ಹೋದರು. ಬರುವಾಗ ಅಡ್ಡಕ್ಕೆ ಒಂದು ಮೀನುದೋಣಿ ಬಂತು. ದೂರವೇ ಇತ್ತು, ಆದರೆ ಹುಡುಗಿ ಗಾಬರಿಯಾದಳು. ಗಾಬರಿಯಾದರೆ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡಿದಳು. ಲಿವರಿನಿಂದ ಬೆರಳು ತೆಗೆದಳು, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಳು. ಹ್ಯಾಂಡಲ್ ತಿರುಗಿತು, ಗಾಡಿ ತಿರುಗಲಿಲ್ಲ. ದೋಣಿಯ ಕಡೆಗೇ ನೇರ ಜಾರಿಕೊಂಡು ಹೋಯಿತು. ಹಿಂದಿದ್ದವನು ಅವಳ ಕೈ ಮೇಲೆ ಕೈಯಿಟ್ಟು ಲಿವರ್ ಒತ್ತಿದ. ಎಂಜಿನ್ ಗುರ್ ಅಂದಿತು, ಗಾಡಿ ಸರ್ರನೆ ಎಡಕ್ಕೆ ಹೊರಳಿತು. ದೋಣಿಯಲ್ಲಿದ್ದ ಅಜ್ಜ ಬೈದನೋ ನಕ್ಕನೋ, ದಡಕ್ಕೆ ಕೇಳಲಿಲ್ಲ.

ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೊಂದೇ. ಜೆಟ್ ಸ್ಕೀಯಲ್ಲಿ ವೇಗ ಬಿಟ್ಟರೆ ತಿರುಗುವ ಶಕ್ತಿಯೂ ಹೋಗುತ್ತದೆ.

ಯಾಕೆ ಅಂತ ತಿಳಿಯಲು ಸಮುದ್ರಕ್ಕೆ ಹೋಗಬೇಕಿಲ್ಲ, ತೋಟದ ಪಂಪ್‌ಸೆಟ್ ನೋಡಿದರೆ ಸಾಕು. ಪಂಪಿನೊಳಗೆ ರೆಕ್ಕೆಗಳಿರುವ ಚಕ್ರವೊಂದಿದೆ, ಇಂಪೆಲ್ಲರ್ ಅನ್ನುತ್ತೇವೆ. ಅದು ತಿರುಗಿ ಹಳ್ಳದ ನೀರನ್ನು ಎಳೆದು ಪೈಪಿಗೆ ನೂಕುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು ನೀರು ಚಿಮ್ಮಿಸಿದ್ದೀರಲ್ಲ? ಆಗ ನೀರು ಮುಂದಕ್ಕೆ ಚಿಮ್ಮಿದಷ್ಟೂ ಪೈಪು ನಿಮ್ಮ ಕೈಯನ್ನು ಹಿಂದಕ್ಕೆ ಒತ್ತುತ್ತದೆ. ಆ ಒತ್ತು ಇದೆಯಲ್ಲ, ಜೆಟ್ ಸ್ಕೀ ಓಡುವುದೇ ಅದರಿಂದ. ಗಾಡಿಯ ಹೊಟ್ಟೆಯ ಕೆಳಗೆ ಜಾಲರಿ ಹಾಕಿದ ಒಂದು ಬಾಯಿ. ಎಂಜಿನ್ ತಿರುಗಿಸುವ ಇಂಪೆಲ್ಲರ್ ಅಲ್ಲಿಂದ ನೀರು ಹೀರಿ, ಹಿಂಬದಿಯ ಸಣ್ಣ ಮೂತಿಯಿಂದ ರಭಸವಾಗಿ ಉಗುಳುತ್ತದೆ. ನೀರು ಹಿಂದಕ್ಕೆ, ಗಾಡಿ ಮುಂದಕ್ಕೆ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ಮೂತಿ ಮಾತ್ರ. ದೋಣಿಗಿರುವಂಥ ಚುಕ್ಕಾಣಿ ಇದಕ್ಕಿಲ್ಲ, ಸ್ಕೂಟಿಗಿರುವಂತೆ ನೆಲ ಹಿಡಿಯುವ ಮುಂದಿನ ಗಾಲಿಯೂ ಇಲ್ಲ. ಮೂತಿಯಿಂದ ನೀರೇ ಬರದಿದ್ದರೆ ಅದನ್ನು ಎತ್ತ ತಿರುಗಿಸಿ ಏನು ಬಂತು?

ಕಾರವಾರಕ್ಕೆ ಇಳಿಯುವ ದಾರಿಯಲ್ಲಿ ಕದ್ರಾ ಅಣೆಕಟ್ಟು ಸಿಗುತ್ತದೆ. ಅಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 150 ಮೆಗಾವಾಟ್. ಮೇಲೆ ಸೂಪಾದಲ್ಲಿ 101 ಮೀಟರ್ ಎತ್ತರದ ಗೋಡೆಯ ಹಿಂದೆ ನಿಂತ ಕಾಳಿಯ ನೀರು, ನಾಗಝರಿ, ಕೊಡಸಳ್ಳಿ ದಾಟಿ ಕದ್ರಾಕ್ಕೆ ಬರುವಷ್ಟರಲ್ಲಿ ಮತ್ತೆ ಮತ್ತೆ ಟರ್ಬೈನ್ ತಿರುಗಿಸಿರುತ್ತದೆ. ಅಲ್ಲಿ ನೀರು ಚಕ್ರವನ್ನು ದೂಡುತ್ತದೆ, ಜೆಟ್ ಸ್ಕೀಯಲ್ಲಿ ಚಕ್ರ ನೀರನ್ನು ದೂಡುತ್ತದೆ. ಒಂದನ್ನು ತಿರುವಿ ಹಾಕಿದರೆ ಇನ್ನೊಂದು.

ಇನ್ನೂ ಒಂದು ಸ್ವಾರಸ್ಯವಿದೆ. ನೀರು ಉಗುಳಿ ಓಡುವ ಈ ಉಪಾಯ ಪಳಗಿದ್ದು ಸಮುದ್ರದಲ್ಲಲ್ಲ, ನಮ್ಮ ಕಾಳಿಯಂಥ ಕಲ್ಲು ತುಂಬಿದ ಬೆಟ್ಟದ ನದಿಗಳಲ್ಲಿ. ನ್ಯೂಜಿಲೆಂಡಿನಲ್ಲಿ ಬಿಲ್ ಹ್ಯಾಮಿಲ್ಟನ್ ಅಂತ ಕುರಿ ಸಾಕುವ ರೈತನೊಬ್ಬನಿದ್ದ. ಅವನ ಸೀಮೆಯ ನದಿಗಳಲ್ಲಿ ಆಳ ಕಡಿಮೆ, ಸೆಳೆತ ಜಾಸ್ತಿ. ದೋಣಿಯ ಅಡಿ ತಿರುಗುವ ಪ್ರೊಪೆಲ್ಲರ್ ಕಲ್ಲಿಗೆ ಬಡಿದು ಮುರಿಯುತ್ತಿತ್ತು. ಹೊರಗೆ ಏನೂ ಚಾಚಿರದ ದೋಣಿ ಬೇಕು ಅಂತ 1950ರ ದಶಕದಲ್ಲಿ ಅವನು ಜೆಟ್ ದೋಣಿಯನ್ನು ಪಳಗಿಸಿದ. ಆಮೇಲೆ ಅಮೆರಿಕದ ಕ್ಲೇಟನ್ ಜೇಕಬ್‌ಸನ್. ಮೋಟಾರ್‌ಸೈಕಲ್ ರೇಸಿನವನು. ಬಿದ್ದೂ ಬಿದ್ದೂ ಮೈ ತರಚಿಸಿಕೊಂಡವನಿಗೆ, ಬಿದ್ದರೂ ನೋಯದ ಕಡೆ ಓಡಿಸುವ ಬೈಕ್ ಬೇಕು ಅನ್ನಿಸಿತಂತೆ. ಅವನ ಕಲ್ಪನೆಯ ಗಾಡಿಯನ್ನು ಕವಾಸಾಕಿ ಕಂಪನಿ 1970ರ ದಶಕದ ಆರಂಭದಲ್ಲಿ ಮಾರಾಟಕ್ಕೆ ತಂದಿತು. ಜೆಟ್ ಸ್ಕೀ ಅನ್ನುವುದು ಆ ಕಂಪನಿ ಇಟ್ಟ ಹೆಸರು. ಯಮಹಾದ ಗಾಡಿಗೆ ಬೇರೆ ಹೆಸರು, ಬೊಂಬಾರ್ಡಿಯರ್ ತಂದ ಸೀ-ಡೂ ಇನ್ನೊಂದು. ಆದರೆ ಯಾವ ವನಸ್ಪತಿ ತುಪ್ಪವಾದರೂ ಡಾಲ್ಡಾ ಆದ ಹಾಗೆ, ನಮ್ಮ ಬಾಯಲ್ಲಿ ಎಲ್ಲವೂ ಜೆಟ್ ಸ್ಕೀ.

ಬಿದ್ದರೂ ನೋಯದು ಅನ್ನುವುದು ಅರ್ಧ ಸತ್ಯ. ವೇಗದಲ್ಲಿ ಬಿದ್ದರೆ ನೀರೂ ನೆಲದ ಹಾಗೆ ಬಡಿಯುತ್ತದೆ. ಈ ಗಾಡಿಗಳಲ್ಲಿ ಹಲವಕ್ಕೆ ಬ್ರೇಕೂ ಇಲ್ಲ. 2009ರ ಮಾದರಿಯಿಂದ ಸೀ-ಡೂದವರು ಒಂದು ಬ್ರೇಕ್ ತಂದರು: ಹಿಂದಿನ ಮೂತಿಗೆ ಬೋಗುಣಿಯಂಥ ಒಂದು ಮುಚ್ಚಳ ಇಳಿದು, ಹಿಂದೆ ಹೋಗುವ ನೀರನ್ನು ಮುಂದಕ್ಕೆ ತಿರುಗಿಸುತ್ತದೆ. ನಮ್ಮ ದಡದಲ್ಲಿ ಸಿಗುವ ಗಾಡಿಯಲ್ಲಿ ಅದಿದೆ ಅಂತ ನಂಬಿಕೊಂಡು ಹತ್ತಬೇಡಿ. ಬ್ರೇಕಿಲ್ಲದ ಗಾಡಿ ಜೋರಿನಲ್ಲಿದ್ದಾಗ ಕೈ ಬಿಟ್ಟರೆ ನಿಲ್ಲಲು ನೂರು ಮೀಟರಿನವರೆಗೂ ಜಾರೀತು. ಹಾಗಾಗಿ ಎದುರಿಗೆ ಏನಾದರೂ ಕಂಡರೆ ಹ್ಯಾಂಡಲ್ ತಿರುಗಿಸಿ, ಬೆರಳು ಲಿವರಿನ ಮೇಲೇ ಇರಲಿ. ಇಷ್ಟು ವರ್ಷ ಸ್ಕೂಟಿ ಕಲಿಸಿದ್ದಕ್ಕೆ ತದ್ವಿರುದ್ಧ ಪಾಠ. ಅದಕ್ಕೇ ದಡ ಬಿಡುವ ಮೊದಲು ನಿಧಾನಕ್ಕೆ ಒಂದೆರಡು ಸಲ ತಿರುಗಿಸಿ ನೋಡಲು ಗಾಡಿಯವನನ್ನು ಕೇಳಬೇಕು.

ಹುಡುಗಿ ಗಾಡಿ ಹತ್ತಿದ ದಿನ ನಾನು ಹತ್ತಿರದಿಂದ ನೋಡಿದ್ದು ಒಂದು ದಾರ. ಟೆಲಿಫೋನಿನ ತಂತಿಯ ಹಾಗೆ ಸುರುಳಿ ಸುರುಳಿ, ಕೆಂಪು ಬಣ್ಣ. ಒಂದು ತುದಿ ಹ್ಯಾಂಡಲ್ ಬಳಿಯ ಗುಂಡಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ, ಇನ್ನೊಂದು ಓಡಿಸುವವರ ಮಣಿಕಟ್ಟಿಗೆ. ಗಾಡಿಯಿಂದ ಬಿದ್ದರೆ ಕ್ಲಿಪ್ ಕಿತ್ತುಬರುತ್ತದೆ, ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ನೀವು ನೀರಲ್ಲಿ, ಗಾಡಿ ಎಲ್ಲೋ. ಆ ದಾರ ಇರುವುದು ಓಡಿಸುವವರ ಕೈಗೆ. ಹ್ಯಾಂಡಲ್ಲಿಗೇ ಸುತ್ತಿಟ್ಟಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಲೈಫ್ ಜಾಕೆಟ್ಟಿನದೂ ಅದೇ ಕಥೆ. ಹಾಕಿಕೊಂಡರೆ ಸಾಲದು, ಬಕಲ್‌ಗಳೆಲ್ಲ ಬಿಗಿಯಬೇಕು. ಪರೀಕ್ಷೆ ಸುಲಭ. ಹೆಗಲ ಹತ್ತಿರ ಹಿಡಿದು ಯಾರಾದರೂ ಮೇಲಕ್ಕೆ ಎತ್ತಲಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ.

ಇನ್ನು ಸ್ವಲ್ಪ ಸಂಕೋಚದ ಮಾತು. ರೇಡಿಯೋದಲ್ಲಿ ಹೇಳಬೇಕೋ ಬೇಡವೋ ಅಂತ ಯೋಚಿಸಿ, ಹೇಳುವುದೇ ಸರಿ ಅನ್ನಿಸಿತು. ಗಾಡಿಯ ಹೊಟ್ಟೆಯ ಬಾಯಿ ನೀರನ್ನು ಮಾತ್ರ ಹೀರುವುದಿಲ್ಲ. ಹಗ್ಗ, ಬಲೆಯ ಚೂರು, ಪ್ಲಾಸ್ಟಿಕ್, ಹತ್ತಿರ ಬಂದರೆ ಬಿಟ್ಟ ಜಡೆ, ದುಪಟ್ಟಾ, ಸೆರಗು, ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಪಂಪಿನ ಫುಟ್‌ವಾಲ್ವಿಗೆ ತರಗೆಲೆ ಕಟ್ಟಿದರೆ ಅರ್ಧ ದಿನದ ಕೆಲಸ ಕೆಡುತ್ತದೆ, ಇಲ್ಲಿ ಕೆಡುವುದು ಅಷ್ಟೇ ಅಲ್ಲ. ಹಾಗೆಯೇ ಹಿಂಬದಿಯ ಮೂತಿ. ಹಿಂದೆ ಕೂತವರು ಹಿಮ್ಮುಖವಾಗಿ ಜಾರಿ ಬಿದ್ದರೆ ಆ ರಭಸದ ನೀರು ಮೈಯ ಒಳಭಾಗಕ್ಕೆ ನುಗ್ಗಿ ದೊಡ್ಡ ಗಾಯ ಮಾಡಬಲ್ಲದು, ಹೆಂಗಸರಿಗೆ ಅಪಾಯ ಇನ್ನೂ ಹೆಚ್ಚು. ತೆಳು ಬಟ್ಟೆ ತಡೆಯುವುದಿಲ್ಲ. ನೀರಿನಾಳಕ್ಕೆ ಮುಳುಗುವವರು ತೊಡುವ ದಪ್ಪ ರಬ್ಬರಿನಂಥ ಚಡ್ಡಿ ಬೇಕು ಅಂತ ಗಾಡಿ ಮಾಡಿದವರೇ ಅದರ ಮೈಮೇಲೆ ಎಚ್ಚರಿಕೆ ಅಂಟಿಸಿರುತ್ತಾರೆ. ಯಾರೂ ಓದುವುದಿಲ್ಲ. ಆ ಚಡ್ಡಿ ಸಿಗದಿದ್ದರೆ ಗಾಡಿ ನಿಧಾನ ಓಡಲಿ, ಹಿಂದೆ ಕೂತವರು ಮುಂದಿನವರ ಜಾಕೆಟ್ ಗಟ್ಟಿಯಾಗಿ ಹಿಡಿದಿರಲಿ.

ಹೊತ್ತಿನ ವಿಷಯ. ಬೇಸಿಗೆ, ಚಳಿಗಾಲದಲ್ಲಿ ಬೆಳಗಿನ ಕಡಲು ಮಲಗಿರುತ್ತದೆ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಏಳುತ್ತದೆ, ತೆರೆ ಮೊನಚಾಗುತ್ತದೆ. ತೆರೆಯ ಮೇಲೆ ಗಾಡಿ ಎಗರಿದಾಗ ಕೆಳಗಿನ ಬಾಯಿಗೆ ನೀರಿನ ಬದಲು ಗಾಳಿ ಸಿಗುತ್ತದೆ. ಪಂಪು ಏರ್ ಹಿಡಿದ ಹಾಗೆ ಎಂಜಿನ್ ಬರೀ ಕಿರುಚುತ್ತದೆ, ಎಳೆಯುವುದಿಲ್ಲ. ರಾಫ್ಟಿಂಗ್ ಮುಗಿಸಿ ಮೂರು ಗಂಟೆಗೆ ಕಾರವಾರ ಮುಟ್ಟುವವರು ಇದನ್ನು ನೆನಪಿಡಬೇಕು. ಮಳೆಗಾಲದಲ್ಲಂತೂ ಈ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಹುಟ್ಟಿನಿಂದ ಕಡಲು ಕಂಡವರು ದೋಣಿ ಮೇಲೆಳೆದು ಕೂತಿರುವಾಗ ನಮಗೇನು ಅವಸರ?

ಜೆಟ್ ಸ್ಕೀಗಿಂತ ನನಗೆ ಹೆದರಿಕೆ ಅದರಿಂದ ಇಳಿದ ಮೇಲಿನ ಹೊತ್ತಿನದು. ಜಾಕೆಟ್ ಬಿಚ್ಚಿ ಕೊಟ್ಟು, ಅದೇ ಹುರುಪಿನಲ್ಲಿ ಎದೆಮಟ್ಟದ ನೀರಿಗೆ ಇಳಿಯುತ್ತಾರೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ಹುಡುಗಿಯರು ಕಡಲುಪಾಲಾದರು. ಅವರು ಯಾವ ಗಾಡಿಯನ್ನೂ ಹತ್ತಿರಲಿಲ್ಲ, ನೀರಾಟಕ್ಕೆ ಇಳಿದಿದ್ದರು ಅಷ್ಟೇ. ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ಕಡಲ ಒಳಸೆಳೆತ ಕಾಣುವುದಿಲ್ಲ. ಲೈಫ್‌ಗಾರ್ಡ್ ಸೀಟಿ ಊದಿದರೆ ಅವನ ಜೊತೆ ವಾದ ಮಾಡುವವರನ್ನು ನಾನೇ ಕಂಡಿದ್ದೇನೆ.

ಹೊರದೇಶಕ್ಕೆ ಹೋಗುವವರಿಗೂ ಒಂದು ಮಾತು. ಥಾಯ್ಲೆಂಡಿನ ಪಟ್ಟಾಯ, ಫುಕೆಟ್ಟಿನಲ್ಲಿ ಗಾಡಿಯನ್ನು ನಿಮ್ಮ ಕೈಗೇ ಕೊಡುತ್ತಾರೆ. ಮರಳಿ ತಂದಾಗ ಮೊದಲೇ ಇದ್ದ ಗೀರನ್ನು ತೋರಿಸಿ ದೊಡ್ಡ ಮೊತ್ತ ಕೀಳುವ ದಂಧೆ ಅಲ್ಲಿ ಕುಖ್ಯಾತ. ಹತ್ತುವ ಮೊದಲು ಗಾಡಿಯ ಸುತ್ತ, ಅಡಿಯವರೆಗೂ ಮೊಬೈಲಿನಲ್ಲಿ ವೀಡಿಯೋ ಮಾಡಿ. ಪಾಸ್‌ಪೋರ್ಟ್ ಮಾತ್ರ ಒತ್ತೆ ಇಡಬೇಡಿ.

ಕಾರವಾರದ ಕೊಲ್ಲಿ ಬರೀ ನಮ್ಮ ಆಟದ ಮೈದಾನವೂ ಅಲ್ಲ. ಅದೇ ಮರಳಿನ ಮೇಲೆ ರಂಪಣಿ ಬಲೆ ಎಳೆಯುವವರಿದ್ದಾರೆ. ಅದೇ ನೀರಿನಲ್ಲಿ ಬೆನ್ನು ಗೂನಿರುವ ಡಾಲ್ಫಿನ್‌ಗಳಿವೆ. ದೇವಬಾಗದ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 1880ರ ದಶಕದಲ್ಲಿ, ಅಣ್ಣ ಇಲ್ಲಿ ನ್ಯಾಯಾಧೀಶನಾಗಿದ್ದಾಗ ಬಂದ ಇಪ್ಪತ್ತರ ಹರೆಯದ ರವೀಂದ್ರನಾಥರು, ಬೆಳುದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಪ್ರಯಾಣ ಮಾಡಿದ್ದನ್ನು ಆತ್ಮಕಥನದಲ್ಲಿ ಬರೆದಿದ್ದಾರೆ. ಅವರ ಹೆಸರಿನ ದಡದಲ್ಲಿ ಈಗ ಎಂಜಿನ್ನಿನ ಗಲಾಟೆ. ನನಗೆ ಅದರ ಬಗ್ಗೆ ಪೂರ್ತಿ ಸಮಾಧಾನವಿಲ್ಲ. ಆದರೆ ಅದರಿಂದ ಹೊಟ್ಟೆ ಹೊರೆಯುವ ಹುಡುಗರೂ ಮೀನುಗಾರರ ಕೇರಿಯವರೇ ಇರುತ್ತಾರೆ ಅಂತ ನೆನಪಾದಾಗ ಸುಮ್ಮನಾಗುತ್ತೇನೆ.

ಜೆಟ್ ಸ್ಕೀ ಮುಗಿಸಿದ ಆ ಸಂಜೆ ಘಾಟಿ ಹತ್ತುವಾಗ ಹುಡುಗಿ ಮಾತಾಡಲಿಲ್ಲ. ಪಂಪಿನ ಕಥೆ ಹೇಳಿದೆ, ನಂಬಿದ ಹಾಗೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ತೋಟದಲ್ಲಿ ಪಂಪ್ ಹಾಕಿ ಪೈಪು ಅವಳ ಕೈಗೆ ಕೊಟ್ಟೆ. ಬಾಯಿಗೆ ಬೆರಳು ಅಡ್ಡ ಹಿಡಿದು ಅಡಿಕೆ ಮರದ ಎತ್ತರಕ್ಕೆ ನೀರು ಹಾರಿಸಿದಳು. ಪೈಪು ಕೈಯಲ್ಲಿ ಹಾವಿನ ಹಾಗೆ ಒದ್ದಾಡುತ್ತಿತ್ತು. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಒತ್ತುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ನಾಡಿಗೆಲ್ಲ ಬೆಳಕು ಕೊಡುವ ಕಾಳಿಯ ಮಗ್ಗುಲಲ್ಲೇ ಇದ್ದರೂ ನಮ್ಮೂರಲ್ಲಿ ಅದೇನು ಹೊಸದಲ್ಲ. ಪೈಪು ಜೋತುಬಿತ್ತು. ಅವಳು ಅದರ ಮೂತಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದಳು. ತುದಿಯಿಂದ ಎರಡು ಹನಿ ಅವಳ ಕಾಲ ಮೇಲೆ ಬಿದ್ದವು.

"ಮಾವ," ಅಂದಳು, "ನಿನ್ನೆ ಆ ಅಜ್ಜ ನಂಗೆ ಬೈದಿದ್ದೇ ಇರ್ಬೇಕು."